ಬೇಸಿಗೆಯ ಹುಲ್ಲುಹಾಸು: ಒಣಗಿದ್ದಕ್ಕೆಲ್ಲ ಹುಳುವೇ ಕಾರಣವಲ್ಲ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಬಂತೆಂದರೆ ಮನೆ ಮುಂದಿನ ಹುಲ್ಲುಹಾಸಿನಲ್ಲಿ ಅಲ್ಲಲ್ಲಿ ಹಳದಿ ಮಚ್ಚೆ ಕಾಣಿಸಿಕೊಳ್ಳುತ್ತದೆ. ಮಾಲಿ ನೋಡಿದ ತಕ್ಷಣ "ಹುಳ ಬಿದ್ದಿದೆ, ಔಷಧಿ ಹೊಡೀಬೇಕು" ಅನ್ನುತ್ತಾರೆ. ಹೊಡೆದದ್ದೂ ಆಗುತ್ತದೆ, ಮಚ್ಚೆ ಮಾತ್ರ ಹಾಗೇ ಇರುತ್ತದೆ. ಬೆಂಗಳೂರು, ಮೈಸೂರು ಕಡೆ ಮಾರ್ಚ್‌ನಿಂದ ಮೇ ನಡುವೆ ಹುಲ್ಲು ಕೆಡುವುದು ಬಹುಪಾಲು ನೀರಿನ ಲೆಕ್ಕ ತಪ್ಪಿದ್ದರಿಂದ, ಇಲ್ಲವೇ ಬೋಳಾಗಿ ಕತ್ತರಿಸಿದ್ದರಿಂದ. ಬೇರು ತಿನ್ನುವ ಹುಳುವಿನ ಕಾಲ ಮಳೆ ಬಿದ್ದ ಮೇಲೆ. ಆದ್ದರಿಂದ ಔಷಧಿ ಅಂಗಡಿಗೆ ಹೋಗುವ ಮುಂಚೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳಿ.

ಹಸಿರಾಗಿರುವ ಕಡೆ ಒಮ್ಮೆ, ಹಳದಿಯಾದ ಕಡೆ ಒಮ್ಮೆ ಅದನ್ನು ನೆಲಕ್ಕೆ ಚುಚ್ಚಿ. ಎರಡೇ ಇಂಚಿಗೆ ಟಕ್ಕೆಂದು ನಿಂತರೆ ಅಡಿಯಲ್ಲಿ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು ಇದೆ ಎಂದರ್ಥ. ಹೊಸ ಬಡಾವಣೆಗಳಲ್ಲಿ ಇದು ಮಾಮೂಲು: ಮನೆ ಕಟ್ಟಿ ಉಳಿದದ್ದರ ಮೇಲೆ ಒಂದು ಪದರ ಕೆಮ್ಮಣ್ಣು ಹರಡಿ, ನರ್ಸರಿಯಿಂದ ತಂದ ಹುಲ್ಲಿನ ಹಾಸನ್ನು ಹೊದಿಸಿರುತ್ತಾರೆ. ಅಲ್ಲಿ ಯಾವ ಔಷಧಿಯೂ ನಡೆಯದು. ಮಳೆಗಾಲದಲ್ಲಿ ಅಷ್ಟು ಜಾಗವನ್ನು ಅರ್ಧ ಅಡಿ ಅಗೆದು ಮಣ್ಣು ಬದಲಿಸಬೇಕು. ಕಲ್ಲು ತಾಗದೆ, ಆದರೆ ಕಷ್ಟಪಟ್ಟು ಇಳಿದು, ಮಣ್ಣು ಒಣಪುಡಿಯಾಗಿ ಬಂದರೆ ನೀರಿನ ಕೊರತೆ. ಸಲೀಸಾಗಿ ಇಳಿದು, ಮಣ್ಣು ತೇವವಾಗಿದ್ದೂ ಹುಲ್ಲು ಹಳದಿಯಾಗಿದ್ದರೆ ಆಗ ಹುಳುವನ್ನೋ ಶಿಲೀಂಧ್ರವನ್ನೋ ಹುಡುಕಿ. ನಡುವೆ ಸತ್ತು ಸುತ್ತಲೂ ದಟ್ಟ ಹಸಿರು ಬಳೆ ಇದ್ದರೆ ಅದು ನಾಯಿಯ ಮೂತ್ರದ ಗುರುತು. ಅಲ್ಲಿಗೆ ಎರಡು ಬಕೆಟ್ ನೀರು ಸುರಿದರೆ ಸಾಕು.

ಈಗ ನೀರಿನ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಬೇಕಾದರೆ ಒಂದು ಲೀಟರ್ ಬೇಕು. ಬೇಸಿಗೆಯಲ್ಲಿ ಹುಲ್ಲಿಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ಬೇಕಾಗುತ್ತದೆ. 10 ಅಡಿಗೆ 20 ಅಡಿಯ ಹಾಸು ಎಂದರೆ ಹದಿನೆಂಟೂವರೆ ಚದರ ಮೀಟರ್. ವಾರಕ್ಕೆ ಸುಮಾರು 460 ಲೀಟರ್ ಆಯಿತು. ಇದನ್ನು ದಿನವೂ ಚಿಮುಕಿಸಬೇಡಿ, ಎರಡು ಸಲಕ್ಕೆ ಹಂಚಿ. ದಿನಾ ಐದು ನಿಮಿಷ ಪೈಪ್ ಹಿಡಿದರೆ ಮೇಲಿನ ಅರ್ಧ ಇಂಚು ಮಾತ್ರ ನೆನೆಯುತ್ತದೆ, ಬೇರೂ ಅಲ್ಲೇ ಉಳಿಯುತ್ತದೆ, ಮಧ್ಯಾಹ್ನದ ಬಿಸಿಲು ಮೊದಲು ಸುಡುವುದೂ ಆ ಅರ್ಧ ಇಂಚನ್ನೇ. ನಿಮ್ಮ ಪೈಪಿನ ವೇಗ ತಿಳಿಯಲು 15 ಲೀಟರಿನ ಬಕೆಟ್ ತುಂಬುವ ಹೊತ್ತು ನೋಡಿಕೊಳ್ಳಿ. ಒಂದೂವರೆ ನಿಮಿಷ ಹಿಡಿದರೆ ನಿಮಿಷಕ್ಕೆ 10 ಲೀಟರ್. ಒಂದು ಸಲದ 230 ಲೀಟರಿಗೆ 23 ನಿಮಿಷ. ಕೆಮ್ಮಣ್ಣು ಒಣಗಿದಾಗ ಮೇಲೆ ಹೆಪ್ಪುಗಟ್ಟುವುದರಿಂದ ಅಷ್ಟನ್ನೂ ಒಟ್ಟಿಗೆ ಬಿಟ್ಟರೆ ಹರಿದು ಚರಂಡಿ ಸೇರುತ್ತದೆ. ಅರ್ಧ ಬಿಟ್ಟು, ಅರ್ಧ ಗಂಟೆ ಇಂಗಲು ಬಿಟ್ಟು, ಉಳಿದದ್ದನ್ನು ಹಾಕಿ. ಕೈತೋಟದ ಮುಳ್ಳುಗುದ್ದಲಿಯಿಂದ ನಾಲ್ಕೈದು ಇಂಚಿಗೊಂದರಂತೆ ಮೂರು ಇಂಚು ಆಳದ ತೂತು ಮಾಡಿದರೆ ಇಂಗುವುದು ಇನ್ನೂ ಸುಲಭ.

ಹೊತ್ತು ಬೆಳಿಗ್ಗೆ ಐದರಿಂದ ಎಂಟು. ಸಂಜೆ ನೀರು ಹಾಕಿದರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು ಶಿಲೀಂಧ್ರ ಹತ್ತುತ್ತದೆ: ನಾಣ್ಯದಗಲದ, ಒಣಹುಲ್ಲಿನ ಬಣ್ಣದ ಚುಕ್ಕೆಗಳು, ಇಬ್ಬನಿ ಆರುವ ಮುನ್ನ ಅವುಗಳ ಮೇಲೆ ಬಿಳಿ ನೂಲು. ಇದಕ್ಕೆ ಮೊದಲ ಮದ್ದು ನೀರಿನ ಸಮಯ ಬದಲಿಸುವುದು. ಹಾಕುವ ದಿನ ಬಂದಿದೆಯೋ ಇಲ್ಲವೋ ಎಂದು ಹುಲ್ಲೇ ಹೇಳುತ್ತದೆ. ನಡೆದ ಹೆಜ್ಜೆ ಗುರುತು ಮೇಲೇಳದೆ ಹಾಗೇ ಉಳಿದರೆ, ಹಸಿರು ಬೂದು-ನೀಲಿಗೆ ತಿರುಗಿದರೆ ಮರುದಿನ ಬೆಳಿಗ್ಗೆಯೇ ನೀರು ಕೊಡಿ.

ಆದರೆ ನೀರು ಎಲ್ಲಿಂದ? 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೇ ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತ್ತು. ತರಕಾರಿ, ಅಕ್ಕಿ ತೊಳೆದ ನೀರು, ಶುದ್ಧೀಕರಿಸಿದ ಕೊಳಚೆ ನೀರು ಧಾರಾಳವಾಗಿ ಬಳಸಬಹುದು. ಆರ್‌ಓ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಅಷ್ಟೇ ಪ್ರಮಾಣದ ಬೇರೆ ನೀರು ಬೆರೆಸಿ ಹಾಕಿ, ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ನಿಲ್ಲಿಸಿ. ವಾಷಿಂಗ್ ಮೆಷಿನ್ನಿನ ಮೊದಲ ನೀರು ಬೇಡ, ಅದರ ಸೋಡಿಯಂ ಮಣ್ಣಿನ ರಂಧ್ರ ಮುಚ್ಚುತ್ತದೆ. ನೀರೇ ಇಲ್ಲದಿದ್ದರೆ ಗರಿಕೆಯನ್ನು ಒಣಗಲು ಬಿಡಿ. ಮೇಲೆ ಕಂದಾದರೂ ಹಬ್ಬುವ ಕಾಂಡ ಜೀವಂತವಾಗಿದ್ದು ಮಳೆಗೆ ಚಿಗುರುತ್ತದೆ. ಉಗುರಲ್ಲಿ ಕೆರೆದಾಗ ಒಳಗೆ ಹಸಿರೋ ಬಿಳಿಯೋ ಕಂಡರೆ ಬದುಕಿದೆ. ಮೆಕ್ಸಿಕನ್ ಹುಲ್ಲು ಚೇತರಿಸಿಕೊಳ್ಳುವುದು ನಿಧಾನ. ನೆರಳಿಗೆ ಹಾಕುವ ಅಗಲ ಎಲೆಯ ಕಾರ್ಪೆಟ್ ಹುಲ್ಲಿಗೆ ಬರ ತಡೆಯುವ ಶಕ್ತಿ ತೀರಾ ಕಡಿಮೆ, ಇದ್ದ ನೀರು ಅದಕ್ಕೆ ಮೊದಲು.

ಕತ್ತರಿಸುವುದಕ್ಕೆ ಬಂದರೆ, ಮಾಲಿ ತಿಂಗಳಿಗೊಮ್ಮೆ ಬಂದು ನೆಲ ಕಾಣುವಂತೆ ಬೋಳಿಸಿ ಹೋಗುವ ಪದ್ಧತಿ ಬೇಸಿಗೆಯಲ್ಲಿ ಹುಲ್ಲಿಗೆ ಮಾರಕ. ಬೇರೆ ಕಾಲದಲ್ಲಿ ಒಂದಿಂಚು ಇಡುವ ಗರಿಕೆಯನ್ನು ಈಗ ಒಂದೂವರೆಯಿಂದ ಎರಡಿಂಚು ಬಿಡಿ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ತುದಿಗಳು ಬೆಳ್ಳಗೆ ಸೀಳಿದ್ದರೆ ಬ್ಲೇಡ್ ಮೊಂಡಾಗಿದೆ, ಸಾಣೆ ಹಿಡಿಸಿ. ಯೂರಿಯಾ ಈಗ ಬೇಡ. ಮಳೆ ಹಿಡಿದ ಮೇಲೆ ಚದರ ಮೀಟರಿಗೆ 10 ಗ್ರಾಂ ಹಾಕಿ ಕೂಡಲೇ ನೀರು ಕೊಡಿ.

ಇನ್ನು ಹುಳುಗಳು. ಎಲೆಯ ಅಂಚು ಕಚ್ಚಿದಂತಿದ್ದು, ಗೊರವಂಕ, ಕಾಗೆ ಹುಲ್ಲಿನಲ್ಲಿ ಕುಕ್ಕುತ್ತಿದ್ದರೆ ಎಲೆ ತಿನ್ನುವ ಕಂಬಳಿಹುಳುಗಳ ಅನುಮಾನ. ನಾಲ್ಕು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ, ಮೂರಡಿ ಚೌಕದ ಮೇಲೆ ಸುರಿಯಿರಿ. ಇದ್ದರೆ ಹತ್ತು ನಿಮಿಷದಲ್ಲಿ ಮೇಲೆ ಬರುತ್ತವೆ. ಪರೀಕ್ಷೆ ಮುಗಿದ ಮೇಲೆ ಆ ಜಾಗವನ್ನು ನೀರಿನಿಂದ ತೊಳೆಯಿರಿ. ಸಣ್ಣ ಹುಳುಗಳಿಗೆ ಬಿಟಿ (ಕಂಬಳಿಹುಳು ಕೊಲ್ಲುವ ಬ್ಯಾಕ್ಟೀರಿಯಾ) ಪುಡಿಯ ದ್ರಾವಣ ಸಾಕು, ಆದರೆ ಸಂಜೆ ಸಿಂಪಡಿಸಿ. ಬಿಸಿಲಿನಲ್ಲಿ ಅದರ ಶಕ್ತಿ ಬೇಗ ಕುಂದುತ್ತದೆ. ಒಣಹುಲ್ಲಿನ ಮೇಲೆ ತೆಳು ಮಣ್ಣಿನ ಹೊದಿಕೆ ಕಂಡರೆ ಗೆದ್ದಲು. ಅರೆಕೊಳೆತ ಸಗಣಿ ಗೊಬ್ಬರ ಅದಕ್ಕೆ ಆಹ್ವಾನ. ಹೊದಿಕೆ ಕೆದರಿ, ಸತ್ತ ಹುಲ್ಲು ಬಾಚಿ ತೆಗೆದು, ಚೆನ್ನಾಗಿ ನೀರು ಕೊಟ್ಟರೆ ಬಹಳ ಸಲ ಅಷ್ಟಕ್ಕೇ ಹೋಗುತ್ತದೆ.

ನಿಜಕ್ಕೂ ಹೆದರಬೇಕಾದದ್ದು ಗೊಣ್ಣೆ ಹುಳುವಿಗೆ. ಹುಲ್ಲು ಹಿಡಿದೆಳೆದರೆ ಬೇರಿಲ್ಲದೆ ಚಾಪೆಯಂತೆ ಎದ್ದು ಬರುತ್ತದೆ. ಒಂದಡಿ ಚೌಕದ ಮೂರು ಬದಿ ಕೊಯ್ದು, ಮಡಚಿ ನೋಡಿ: ಕಂದು ತಲೆಯ, ಬಾಗಿದ ಬಿಳಿ ಹುಳು ಐದಕ್ಕಿಂತ ಹೆಚ್ಚಿದ್ದರೆ ಕ್ರಮ ಬೇಕು. ಒಂದೆರಡು ಇದ್ದರೆ ಹಕ್ಕಿಗಳಿಗೆ ಬಿಡಿ. ಹುಳುವಿಗೆ ರೋಗ ತರುವ ಮೆಟಾರೈಜಿಯಂ ಶಿಲೀಂಧ್ರವನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಕಳಿತ ಗೊಬ್ಬರಕ್ಕೆ ಬೆರೆಸಿ, ತೇವದ ಮಣ್ಣಿಗೆ ಸಂಜೆ ಹಾಕಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೇ ಹುಳುವಿಗಾಗಿ ಹುಳುವಿನೊಳಗೆ ಹೊಕ್ಕು ಕೊಲ್ಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಗಳ ಪುಡಿಯನ್ನೂ ಸಿದ್ಧಪಡಿಸಿದೆ. ಒಣಮಣ್ಣಿನಲ್ಲಿ ಎರಡೂ ಕೆಲಸ ಮಾಡವು, ಹಾಗಾಗಿ ಏಪ್ರಿಲ್ ಬಿಸಿಲಿಗೆ ಹಾಕಿದ ದುಡ್ಡು ದಂಡ. ಯಾರಾದರೂ ಫೋರೇಟ್ ಹರಳು ತಂದರೆ ಬೇಡ ಅನ್ನಿ. 2020ರ ಡಿಸೆಂಬರ್ 31ರಿಂದ ಅದು ದೇಶದಲ್ಲಿ ನಿಷಿದ್ಧ, ಮಕ್ಕಳು ಆಡುವ ಜಾಗಕ್ಕಂತೂ ತರಲೇಬಾರದ ವಿಷ.

ಇದಕ್ಕಿಂತ ಅಗ್ಗದ ದಾರಿ ಗೊಣ್ಣೆ ಹುಳುವಿನ ಮೊಟ್ಟೆ ಇಡುವ ದುಂಬಿಯನ್ನೇ ಹಿಡಿಯುವುದು. ಏಪ್ರಿಲ್, ಮೇ ತಿಂಗಳ ಮೊದಲ ಹದ ಮಳೆಗೆ ಕಂದು ದುಂಬಿಗಳು ಮಣ್ಣಿನಿಂದ ಎದ್ದು, ಮುಸ್ಸಂಜೆ ಬೇವು, ಜಾಲಿ ಮರಗಳಿಗೆ ಹಾರುತ್ತವೆ. ಎಲೆ ತಿಂದು, ಕೂಡಿ, ಬೆಳಗಾಗುವ ಮುನ್ನ ಮಣ್ಣಿಗೆ ಮರಳಿ ಮೊಟ್ಟೆ ಇಡುತ್ತವೆ. ಕತ್ತಲಾದ ಮೇಲೆ, ಏಳೂವರೆ ಎಂಟರ ಹೊತ್ತಿಗೆ, ಕೆಳಗೆ ಹಳೇ ಬೆಡ್‌ಶೀಟ್ ಹಾಸಿ ಕೊಂಬೆ ಅಲುಗಿಸಿ, ಬಿದ್ದದ್ದನ್ನು ಸ್ವಲ್ಪ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಮಳೆಯಾದ ಮೇಲಿನ ನಾಲ್ಕೈದು ಸಂಜೆ ಇದನ್ನು ಬಿಡದೆ ಮಾಡಿ, ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಳ್ಳಿ. ಪಕ್ಕದ ಕಾಂಪೌಂಡಿನ ಬೇವಿನ ಮರದ ದುಂಬಿ ನಿಮ್ಮ ಹುಲ್ಲಿಗೂ ಬಂದು ಮೊಟ್ಟೆ ಇಡುತ್ತದೆ. ಆ ದಿನಗಳಲ್ಲಿ ಅಂಗಳದ ದೀಪ ಆರಿಸಿಡಿ.

ನಮಸ್ಕಾರ.