ಹಳೆ ಪಿಕಪ್‌ಗೆ ಮನೆಯಂಗಳದಲ್ಲೇ ಹೊಸ ಕ್ಲಚ್

ಕೇಳುಗರಿಗೆ ನಮಸ್ಕಾರ.

ನಮ್ಮ ಹಳ್ಳಿಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ಬೊಲೆರೊ ಪಿಕಪ್‌ಗಳು, ಟಾಟಾ 207 ಗಾಡಿಗಳು ಇನ್ನೂ ಓಡುತ್ತಿವೆ. ಕೋಲಾರದಲ್ಲಿ ಟೊಮೆಟೊ ಕ್ರೇಟು, ಮಲೆನಾಡಿನಲ್ಲಿ ಅಡಿಕೆ ಮೂಟೆ. ಇಂಥ ಗಾಡಿ ಒಂದು ದಿನ ಏರಿನಲ್ಲಿ ಸೋಲುತ್ತದೆ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ. ಸುಟ್ಟ ವಾಸನೆ ಬೇರೆ. ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಹಿಡಿತ ತಪ್ಪಿ ಸ್ಲಿಪ್ ಆಗುತ್ತಿದೆ ಅಂತ ಅರ್ಥ.

ಪಾನಾ ಹಿಡಿದು ಅಭ್ಯಾಸ ಇರುವವರು, ಜೊತೆಗೆ ಇನ್ನೊಬ್ಬರಿದ್ದರೆ, ಈ ಕೆಲಸ ಮನೆಯಲ್ಲೇ ಮಾಡಬಹುದು. ಆದರೆ ಗೇರ್‌ಬಾಕ್ಸ್ ಇಳಿಸುವ ಮೊದಲು ಕಾಯಿಲೆ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಗೇರ್ ಬೀಳುವಾಗ ಕರಕರ ಅನ್ನುತ್ತಿದೆಯಾ? ಪೆಡಲ್ ಸುಮ್ನೆ ಕೆಳಗೆ ಹೋಗುತ್ತಿದೆಯಾ? ಹಾಗಾದರೆ ಮೊದಲು ಕ್ಲಚ್ ಆಯಿಲ್ ನೋಡಿ. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮೇಲಿನ ಮಾಸ್ಟರ್ ಸಿಲಿಂಡರ್, ಆ ಒತ್ತಡದಿಂದ ಕ್ಲಚ್ ಬಿಡಿಸುವ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್, ಇವೆರಡರಲ್ಲಿ ಯಾವುದು ಸೋರಿದರೂ ಹೀಗಾಗುತ್ತದೆ. ಸ್ಲೇವ್ ಸಿಲಿಂಡರ್‌ನ ರಬ್ಬರ್ ಟೋಪಿ ಸರಿಸಿದಾಗ ಒಳಗೆ ಒದ್ದೆ ಇದ್ದರೆ, ಬಾಕ್ಸ್ ಮುಟ್ಟುವ ಅಗತ್ಯವೇ ಇರಲಾರದು.

ಸ್ಲಿಪ್ ಆಗುತ್ತಿದೆಯಾ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಅಡೆ ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಗಾಡಿ ಮುಂದೆ ಯಾರೂ ಇರಬಾರದು. ನಾಲ್ಕನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಇಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಒಳಗಿನ ಪ್ಲೇಟ್ ಹಿಡಿಯುತ್ತಿಲ್ಲ. ಇದನ್ನು ಒಂದು ಸಲ ಮಾಡಿದರೆ ಸಾಕು, ಮತ್ತೆ ಮತ್ತೆ ಮಾಡಿದರೆ ಇರೋದೂ ಸುಟ್ಟುಹೋಗುತ್ತದೆ.

ಇನ್ನು ಜಾಗ. ಸಿಮೆಂಟ್ ನೆಲ ಒಳ್ಳೆಯದು. ಮಣ್ಣಾದರೆ ಎತ್ತಿದ ಗಾಡಿಯನ್ನು ಹೊರುವ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಇಡಿ. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಹೋಗಲೇಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಕೂಡ ಬೇಡ. ಅವು ಮೊದಲೇ ಸೂಚನೆ ಕೊಡಲ್ಲ, ಒಮ್ಮೆಲೇ ಪುಡಿಯಾಗುತ್ತವೆ. ಈ ಒಂದು ಮಾತನ್ನು ನಾನು ಬೇಡಿಕೊಂಡೇ ಹೇಳುತ್ತೇನೆ. ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸ ನಾಳೆಗೆ ಇರಲಿ.

ಬಿಚ್ಚೋದು ಕಷ್ಟವಲ್ಲ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಗೇರ್ ಆಯಿಲ್ ಇಳಿಸಿಕೊಳ್ಳಿ. ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮೊದಲು ಎರಡೂ ಕಡೆ ಸೇರಿಸಿ ಪೇಂಟಿನ ಗುರುತು ಹಾಕಿ. ಮತ್ತೆ ಹಾಗೇ ಕೂರಿಸದಿದ್ದರೆ ಗಾಡಿ ನಡುಗಬಹುದು. ಸ್ಟಾರ್ಟರ್, ಗೇರ್ ಲಿವರ್, ವೈರುಗಳು ಕಳಚಿ ಬರಲಿ. ಸ್ಲೇವ್ ಸಿಲಿಂಡರ್ ಅನ್ನು ಪೈಪ್ ಸಮೇತ ಪಕ್ಕಕ್ಕೆ ಕಟ್ಟಿಬಿಡಿ, ಆಗ ಪೈಪಿನ ಗಾಳಿ ತೆಗೆಯುವ ಕೆಲಸ ತಪ್ಪುತ್ತದೆ. ಬಾಕ್ಸನ್ನು ಹೊತ್ತ ಹಿಂದಿನ ಅಡ್ಡಪಟ್ಟಿ ತೆಗೆಯುವ ಮೊದಲು ಇಂಜಿನ್ ಕೆಳಗೆ ಹಲಗೆ ಇಟ್ಟು ಜ್ಯಾಕ್ ಕೊಡಿ. ಬಾಕ್ಸನ್ನು ಎದೆ ಮೇಲೆ ಹೊತ್ತು ಇಳಿಸುವ ಸಾಹಸ ಬೇಡ, ಅದಕ್ಕೂ ಒಂದು ಜ್ಯಾಕ್ ಇರಲಿ.

ಹೌಸಿಂಗ್, ಅಂದರೆ ಕ್ಲಚ್ ಸುತ್ತಲಿನ ಕವಚದ ಒಳಗಿನ ಕಪ್ಪು ಪುಡಿಯನ್ನು ಊದಬೇಡಿ. ಹಳೆಯ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಕಟ್ಟಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ಹಳೇ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿ. ಸವೆದು ಸವೆದು ರಿವೆಟ್‌ಗಳ ತಲೆ ಮೇಲಕ್ಕೆ ಬಂದಿದ್ದರೆ, ಇಂಜಿನ್ನಿನ ಹಿಂಬದಿಯ ಭಾರದ ಚಕ್ರ ಫ್ಲೈವೀಲ್ ಮೇಲೆ ದುಂಡಗೆ ಗೀರು ಬಿದ್ದಿರುತ್ತದೆ. ಉಗುರು ಹಾಯಿಸಿದರೆ ಸಿಕ್ಕಿಕೊಳ್ಳುತ್ತದೆ. ನೀಲಿ ಕಲೆ ಇದ್ದರೆ ಬಿಸಿ ಜಾಸ್ತಿ ಆಗಿದೆ. ಅಂಥ ಫ್ಲೈವೀಲನ್ನು ಲೇತ್‌ನವರಿಗೆ ಕೊಟ್ಟು ಮಟ್ಟ ಮಾಡಿಸಿ, ಬಿರುಕು ಬಿಟ್ಟಿದ್ದರೆ ಬೇರೆಯದೇ ಹಾಕಿ. ಪ್ಲೇಟ್ ಎಣ್ಣೆಯಲ್ಲಿ ನೆನೆದಿದ್ದರೆ ಆ ಎಣ್ಣೆ ಎಲ್ಲಿಂದ ಬಂತು ಅಂತ ಹುಡುಕಿ. ಇಂಜಿನ್ನಿನ ಹಿಂದಿನ ಆಯಿಲ್ ಸೀಲ್ ಆಗಿರಬಹುದು, ಬಾಕ್ಸಿನ ಮುಂದಿನ ಸೀಲ್ ಆಗಿರಬಹುದು. ಅದನ್ನು ಬಿಟ್ಟು ಹೊಸ ಪ್ಲೇಟ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ.

ದುಡ್ಡು ಉಳಿಸೋಣ ಅಂತ ಪ್ಲೇಟ್ ಒಂದನ್ನೇ ಬದಲಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪ್ಲೇಟ್, ಅದನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಒತ್ತಡ ಬಿಡಿಸುವ ರಿಲೀಸ್ ಬೇರಿಂಗ್, ಮೂರನ್ನೂ ಸೆಟ್ ಹಾಕಿ. ಒಂದು ಬೇರಿಂಗ್ ಕಿರುಗುಟ್ಟಿತು ಅಂತ ಮತ್ತೆ ಇಡೀ ಬಾಕ್ಸ್ ಇಳಿಸಬೇಕಾಗುತ್ತದೆ ಅಲ್ವಾ? ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗನ್ನೂ ಬೆರಳಿಟ್ಟು ತಿರುಗಿಸಿ ನೋಡಿ. ಹೊಸ ರಿಲೀಸ್ ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆಯಬೇಡಿ, ಒಳಗಿನ ಗ್ರೀಸ್ ಹೋಗುತ್ತದೆ.

ಪ್ಲೇಟಿಗೆ ಹಿಂದು ಮುಂದು ಇದೆ. ಯಾವ ಕಡೆ ಫ್ಲೈವೀಲ್‌ಗೆ ಬರಬೇಕು ಅಂತ ಸಾಮಾನ್ಯವಾಗಿ ಅದರ ಮೇಲೇ ಬರೆದಿರುತ್ತದೆ. ಅದನ್ನು ನಟ್ಟನಡುವೆ ಕೂರಿಸಲು ಅಲೈನ್‌ಮೆಂಟ್ ಟೂಲ್ ಬೇಕು. ಗುಜರಿಯಲ್ಲಿ ಅದೇ ಗಾಡಿಯ ಹಳೇ ಇನ್‌ಪುಟ್ ಶಾಫ್ಟ್, ಅಂದರೆ ಬಾಕ್ಸಿನಿಂದ ಮುಂದೆ ಚಾಚಿ ಪ್ಲೇಟಿನೊಳಗೆ ಕೂರುವ ಕಂಬಿ, ಸಿಕ್ಕರೆ ಅದಕ್ಕಿಂತ ಒಳ್ಳೆ ಟೂಲ್ ಇಲ್ಲ. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಬಾಕ್ಸಿನ ಶಾಫ್ಟಿನ ಹಲ್ಲುಗಳ, ಅಂದರೆ ಸ್ಪ್ಲೈನ್ ಮೇಲೆ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಜಾಸ್ತಿಯಾದರೆ ಪ್ಲೇಟಿಗೆ ಹಾರುತ್ತದೆ.

ತಾಳ್ಮೆ ಬೇಕಾಗೋದು ಬಾಕ್ಸನ್ನು ಮತ್ತೆ ಕೂರಿಸುವಾಗ. ಬಾಕ್ಸ್ ಎಲ್ಲ ಸರಿಯಾಗಿ ಬಂದು, ಇನ್ನು ಎರಡು ಬೆರಳು ದೂರ ಇರುವಾಗ ನಿಂತುಬಿಡುತ್ತದೆ. ಬೋಲ್ಟ್ ಹಾಕಿ ಎಳೆದುಬಿಡೋಣ ಅನ್ನಿಸುತ್ತದೆ. ದಯವಿಟ್ಟು ಎಳೆಯಬೇಡಿ. ಹೌಸಿಂಗಿನಲ್ಲಿ ಬೋಲ್ಟ್ ಕೂರುವ ಕಿವಿ ಮುರಿಯುತ್ತದೆ. ಬಾಕ್ಸನ್ನು ಶಾಫ್ಟ್ ಮೇಲೆ ನೇತಾಡಲು ಬಿಟ್ಟರೂ ಪ್ಲೇಟ್ ಬಾಗುತ್ತದೆ. ಇಂಜಿನ್ ಮತ್ತು ಬಾಕ್ಸಿನ ನಡುವಿನ ಸಂದನ್ನು ಟಾರ್ಚ್ ಹಿಡಿದು ಸುತ್ತಲೂ ನೋಡಿ. ಮೇಲೆ ಅಗಲ, ಕೆಳಗೆ ಕಿರಿದು ಇದ್ದರೆ ಇಂಜಿನ್ ಜ್ಯಾಕನ್ನು ಒಂದಿಷ್ಟು ಏರಿಸಿ ಇಳಿಸಿ, ಸಂದು ಸಮ ಆಗಲಿ. ಬಾಕ್ಸನ್ನು ಗೇರಿನಲ್ಲಿಟ್ಟು, ಪ್ರೊಪೆಲ್ಲರ್ ಶಾಫ್ಟ್ ಸೇರುವ ಹಿಂದಿನ ಫ್ಲಾಂಜನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾ ಒತ್ತಿ. ಹಲ್ಲು ಹಲ್ಲಿಗೆ ಸೇರಿದ ಕೂಡಲೇ ಅದಾಗಿಯೇ ಒಳಗೆ ಜಾರುತ್ತದೆ.

ಎಲ್ಲ ಜೋಡಿಸಿ ಗೇರ್ ಆಯಿಲ್ ತುಂಬಿದ ಮೇಲೆ, ಗಾಡಿ ಸ್ಟ್ಯಾಂಡ್ ಮೇಲಿದ್ದಾಗಲೇ, ಇಂಜಿನ್ ಆಫ್ ಇಟ್ಟು ಪೆಡಲ್ ಒತ್ತಿ ಎಲ್ಲ ಗೇರೂ ಬೀಳುತ್ತಾ ನೋಡಿ. ಮೊದಲ ಕೆಲವು ನೂರು ಕಿಲೋಮೀಟರ್ ಪೂರ್ತಿ ಲೋಡ್ ಹಾಕಬೇಡಿ. ಏರಿನಲ್ಲಿ ನಿಲ್ಲಬೇಕಾದರೆ ಹ್ಯಾಂಡ್‌ಬ್ರೇಕ್ ಎಳೆಯಿರಿ, ಹಾಫ್ ಕ್ಲಚ್‌ನಲ್ಲಿ ಗಾಡಿ ಹಿಡಿಯಬೇಡಿ.

ನಮಸ್ಕಾರ.