ಹೊಸ ಬೈಕಿನ ಟೂಲ್‌ಕಿಟ್: ಕೈಪಿಡಿ ಹೇಳುವುದೊಂದು, ಚೀಲದಲ್ಲಿರುವುದೊಂದು

ಕೇಳುಗರಿಗೆ ನಮಸ್ಕಾರ.

ಹೊಸ ಮೋಟಾರ್‌ಸೈಕಲ್ ಕೊಂಡವರಿಗೆ ಗಾಡಿಯೊಡನೆ ಮಾಲೀಕರ ಕೈಪಿಡಿಯೊಂದು ಸಿಗುತ್ತದೆ. ಸೀಟಿನ ಕೆಳಗೋ ಪಕ್ಕದ ಮುಚ್ಚಳದ ಒಳಗೋ ತೆಳುವಾದ ಚೀಲದಲ್ಲಿ ಸುತ್ತಿಟ್ಟ ಟೂಲ್‌ಕಿಟ್ ಸಿಗುತ್ತದೆ. ಒಂದೇ ಕಂಪನಿ ಒಂದೇ ಗಾಡಿಗಾಗಿ ಕೊಟ್ಟ ಈ ಎರಡು ವಸ್ತುಗಳು ಪರಸ್ಪರ ಹೊಂದುವುದಿಲ್ಲ ಎಂಬುದೇ ನನ್ನ ಇಂದಿನ ಮಾತಿನ ವಿಷಯ. ಚೈನಿನ ಸಡಿಲವನ್ನು ಆಗಾಗ ಸರಿಪಡಿಸಿ, ಕ್ಲಚ್ ಲಿವರನ್ನು ಹೊಂದಿಸಿ, ಬ್ಯಾಟರಿಯ ಟರ್ಮಿನಲ್‌ಗಳನ್ನು ಶುಚಿಯಾಗಿಡಿ, ಟೈರಿನ ಗಾಳಿಯನ್ನು ಪರೀಕ್ಷಿಸಿ ಎಂದು ಕೈಪಿಡಿ ಮಾಲೀಕರಿಗೆ ಹೇಳುತ್ತದೆ. ಇವುಗಳಲ್ಲಿ ಎಷ್ಟು ಕೆಲಸವನ್ನು ಆ ಚೀಲದ ಸಾಮಾನಿನಿಂದಲೇ ಮಾಡಬಹುದು ಎಂದು ಒಮ್ಮೆ ಕುಳಿತು ನೋಡಿದರೆ ನಿರಾಶೆಯಾಗುತ್ತದೆ.

ಚೈನನ್ನೇ ತೆಗೆದುಕೊಳ್ಳೋಣ. ಸಾಮಾನ್ಯ ಬೈಕಿನಲ್ಲಿ ಚೈನಿನ ಕೆಳಭಾಗ ನಡುವಿನಲ್ಲಿ ಸುಮಾರು 20ರಿಂದ 35 ಮಿಲಿಮೀಟರಿನಷ್ಟು ಮೇಲೆ ಕೆಳಗೆ ಆಡಬೇಕು. ಸರಿಯಾದ ಅಳತೆ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಸಡಿಲ ಮಿತಿ ಮೀರಿದರೆ ಚೈನು ಸ್ಪ್ರಾಕೆಟ್ಟಿನ, ಅಂದರೆ ಅದು ಸುತ್ತುವ ಹಲ್ಲುಚಕ್ರದ, ಹಲ್ಲಿನಿಂದ ಜಾರುವ ಅಪಾಯವಿದೆ. ಬಿಗಿ ಮಿತಿ ಮೀರಿದರೆ ಗೇರ್‌ಬಾಕ್ಸಿನ ಬೇರಿಂಗುಗಳ ಮೇಲೆ ಹೊರೆ ಬೀಳುತ್ತದೆ. ಇದನ್ನು ಸರಿಪಡಿಸಬೇಕಾದರೆ ಹಿಂದಿನ ಚಕ್ರದ ಆಕ್ಸಲ್ (ಅಚ್ಚು) ನಟ್ಟನ್ನು ಸಡಿಲಿಸಿ, ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಎಂಬ ತೋಳಿನ ಎರಡೂ ಬದಿಯ ಅಡ್ಜಸ್ಟರುಗಳನ್ನು ಗುರುತು ನೋಡಿ ಸಮನಾಗಿ ತಿರುಗಿಸಿ, ನಟ್ಟನ್ನು ಮತ್ತೆ ಬಿಗಿಯಬೇಕು. ಆ ನಟ್ಟು ಸಣ್ಣ ಗಾಡಿಗಳಲ್ಲಿ 17 ಅಥವಾ 19 ಮಿಲಿಮೀಟರಿನದಾಗಿದ್ದರೆ ದೊಡ್ಡ ಗಾಡಿಗಳಲ್ಲಿ 24, 27, ಕೆಲವೊಮ್ಮೆ 32ರವರೆಗೂ ಹೋಗುತ್ತದೆ. ಎಷ್ಟೋ ಕಿಟ್ಟುಗಳಲ್ಲಿ ಆ ಅಳತೆಯ ಸ್ಪ್ಯಾನರೇ ಇರುವುದಿಲ್ಲ. ಇದ್ದರೂ ಒಂದೇ ಇರುತ್ತದೆ; ನಟ್ಟನ್ನು ತಿರುಗಿಸುವಾಗ ಆಕ್ಸಲ್ ತಾನೂ ತಿರುಗುವಂತಹ ಗಾಡಿಗಳಲ್ಲಿ ಆ ಕಡೆಯ ತಲೆಯನ್ನು ಹಿಡಿಯಲು ಇನ್ನೊಂದು ಬೇಕು ಎಂಬುದು ಕಿಟ್ ಜೋಡಿಸಿದವರ ಗಮನಕ್ಕೆ ಬಂದಂತಿಲ್ಲ.

ಅಳತೆ ಸರಿಯಿದ್ದರೂ ಉದ್ದ ಸಾಲುವುದಿಲ್ಲ. ಆಕ್ಸಲ್ ನಟ್ಟನ್ನು 90 ನ್ಯೂಟನ್ ಮೀಟರ್ ಟಾರ್ಕಿಗೆ, ಅಂದರೆ ಅಷ್ಟು ತಿರುಚುಬಲಕ್ಕೆ, ಬಿಗಿಯಬೇಕೆಂದು ಕೈಪಿಡಿ ಹೇಳುತ್ತದೆ ಎಂದಿಟ್ಟುಕೊಳ್ಳಿ. 15 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಅಷ್ಟು ಟಾರ್ಕ್ ಬರಬೇಕಾದರೆ 600 ನ್ಯೂಟನ್, ಅಂದರೆ ಸುಮಾರು 60 ಕಿಲೋ ಭಾರದಷ್ಟು ಬಲ ಹಾಕಬೇಕು. ಹಿಡಿ 45 ಸೆಂಟಿಮೀಟರ್ ಉದ್ದವಿದ್ದರೆ 20 ಕಿಲೋ ಭಾರದಷ್ಟು ಬಲ ಸಾಕು. ಕೆಲವು ಕಂಪನಿಗಳು ಸ್ಪ್ಯಾನರಿಗೆ ಸಿಕ್ಕಿಸುವ ಉದ್ದನೆಯ ಕೊಳವೆಯೊಂದನ್ನು ಕೊಡುತ್ತವೆ. ಅದು ಮೆಚ್ಚಬೇಕಾದ ಕೆಲಸ, ಖರ್ಚೂ ಹೆಚ್ಚಿನದಲ್ಲ. ಕೊಡದ ಕಂಪನಿಗಳ ಗಾಡಿಯನ್ನು ಕೊಂಡವರು ಸ್ಪ್ಯಾನರನ್ನು ಕಾಲಿನಿಂದ ತುಳಿಯುತ್ತಾರೆ. ಬ್ರೇಕು, ಚಕ್ರ, ಸವಾರರ ಪ್ರಾಣ ಇವೆಲ್ಲ ಅವಲಂಬಿಸಿರುವ ನಟ್ಟನ್ನು ಹೀಗೆ ಅಂದಾಜಿನ ಮೇಲೆ ಬಿಗಿಯುವ ಸ್ಥಿತಿಗೆ ಮಾಲೀಕರನ್ನು ತಳ್ಳುವುದು ಸರಿಯಲ್ಲ.

ಇನ್ನು ಉಕ್ಕಿನ ಗುಣಮಟ್ಟ. ಕಿಟ್ಟಿನ ಸ್ಪ್ಯಾನರುಗಳು ಹೆಚ್ಚಾಗಿ ತಗಡಿನ ಪಟ್ಟಿಯಿಂದ ಒತ್ತಿ ಕತ್ತರಿಸಿದವು. ಕ್ರೋಮ್ ವೆನೇಡಿಯಮ್ ಉಕ್ಕನ್ನು ಕಾಯಿಸಿ ಬಡಿದು ಮಾಡಿದ ಸಾಧನದ ಗಟ್ಟಿತನ ಅವಕ್ಕಿಲ್ಲ. ಬಾಯಿ ತೆರೆದ ಸ್ಪ್ಯಾನರು ನಟ್ಟಿನ ಆರು ಮುಖಗಳಲ್ಲಿ ಎರಡನ್ನು ಮಾತ್ರ ಹಿಡಿಯುತ್ತದೆ. ಉಕ್ಕು ಮೆದುವಾಗಿದ್ದರೆ ಬಲ ಬಿದ್ದಾಗ ಅದರ ಬಾಯಿ ಅಗಲವಾಗಿ, ನಟ್ಟಿನ ಮೂಲೆಗಳು ಸವೆದು ಗುಂಡಾಗುತ್ತವೆ. ಒಮ್ಮೆ ಗುಂಡಾದ ನಟ್ಟು ಆಮೇಲೆ ಒಳ್ಳೆಯ ಸಾಧನಕ್ಕೂ ಸಿಗುವುದಿಲ್ಲ. ಸ್ಕ್ರೂಡ್ರೈವರಿನ ಕಥೆಯೂ ಇದೇ. ಒಂದು ತುದಿಯಲ್ಲಿ ಪ್ಲಸ್, ಇನ್ನೊಂದು ತುದಿಯಲ್ಲಿ ಮೈನಸ್ ಇರುವ ಕಡ್ಡಿಯನ್ನು ತಿರುಗಿಸಿ ಹಾಕುವ ಪ್ಲಾಸ್ಟಿಕ್ ಹಿಡಿ, ಸ್ವಲ್ಪ ಬಲ ಹಾಕಿದೊಡನೆ ಒಳಗೇ ಜಾರುತ್ತದೆ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಸ್ಕ್ರೂಗಳು ಮೆದುವಾಗಿರುವುದರಿಂದ ಇಂತಹ ಸಾಧನಕ್ಕೆ ಬೇಗ ಹಾಳಾಗುತ್ತವೆ. ಜಪಾನಿನ ಕೈಗಾರಿಕಾ ಮಾನದಂಡವಾದ ಜೆಐಎಸ್ ಪ್ರಕಾರ ಮಾಡಿದ ಪ್ಲಸ್ ಸ್ಕ್ರೂ ನೋಡಲು ಸಾಮಾನ್ಯವಾಗಿ ಸಿಗುವ ಫಿಲಿಪ್ಸ್ ಎಂಬ ಪ್ಲಸ್ ಸ್ಕ್ರೂವಿನಂತೆಯೇ ಇದ್ದರೂ ಅದರ ಒಳ ಆಕಾರ ಬೇರೆ. ಅದಕ್ಕೆ ಫಿಲಿಪ್ಸ್ ತುದಿಯನ್ನು ಹಾಕಿದರೆ ತುದಿ ಮೇಲೆದ್ದು ಸ್ಕ್ರೂವಿನ ತಲೆಯನ್ನು ಕೆರೆದುಹಾಕುತ್ತದೆ. ಜಪಾನಿ ಗಾಡಿಗಳನ್ನು ಬಿಚ್ಚಿ ಜೋಡಿಸುವವರಿಗೆ ಇದು ಬಹುಕಾಲದಿಂದ ತಿಳಿದ ಸಂಗತಿ.

ಕಿಟ್ಟಿನಲ್ಲಿ ಉಳಿಸಿಕೊಳ್ಳಬೇಕಾದ ವಸ್ತುಗಳೂ ಇವೆ ಎಂಬುದನ್ನು ಹೇಳಲೇಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚುವ ಉದ್ದನೆಯ ಕೊಳವೆ ಸ್ಪ್ಯಾನರು, ಹಿಂದಿನ ಸಸ್ಪೆನ್ಷನ್ನಿನ ಬಿಗಿಯನ್ನು ಬದಲಿಸುವ ಕೊಕ್ಕೆ ಸ್ಪ್ಯಾನರು ಇವೆರಡೂ ಆಯಾ ಗಾಡಿಗೆಂದೇ ಮಾಡಿದವು. ಪ್ಲಗ್ಗಿನ ಷಡ್ಭುಜದ ಅಳತೆ ಒಂದು ಗಾಡಿಯಲ್ಲಿ 16 ಮಿಲಿಮೀಟರ್ ಇದ್ದರೆ ಇನ್ನೊಂದರಲ್ಲಿ 20.8 ಇರಬಹುದು, ಸಿಲಿಂಡರ್ ಹೆಡ್ಡಿನ ಇಕ್ಕಟ್ಟಾದ ಗುಂಡಿಯೊಳಗೆ ಇಳಿಯುವ ತೆಳುಗೋಡೆಯ ಕೊಳವೆ ಹೊರಗೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಕಿಟ್ಟನ್ನು ಪೂರ್ತಿ ಬಿಸಾಡಬೇಡಿ.

ಇಂದಿನ ಎಂಜಿನ್ನುಗಳಲ್ಲಿ ಫ್ಯೂಯಲ್ ಇಂಜೆಕ್ಷನ್, ಎಬಿಎಸ್, ಸೆನ್ಸರುಗಳು ತುಂಬಿರುವುದರಿಂದ ಮಾಲೀಕರು ಮಾಡಬಹುದಾದ ಕೆಲಸ ಕಡಿಮೆಯಾಗಿದೆ, ಸೀಟಿನ ಕೆಳಗೆ ಜಾಗವೂ ಇಲ್ಲ ಎಂಬುದು ಕಂಪನಿಗಳ ಪರವಾಗಿ ಕೇಳಿಬರುವ ವಾದ. ಕಾರ್ಬ್ಯುರೇಟರ್ ಶುಚಿ ಮಾಡುವ ಕಾಲ ಹೋಯಿತು ಎಂಬುದು ನಿಜ. ಆದರೆ ಟೈರಿಗೆ ಮೊಳೆ ಚುಚ್ಚುವುದು, ಫ್ಯೂಸ್ ಹೋಗುವುದು, ಕೇಬಲ್ಲು ಎಳೆದು ಉದ್ದವಾಗುವುದು ಇವು ಯಾವುವೂ ನಿಂತಿಲ್ಲ. ಕಿಕ್ ಇಲ್ಲದ, ಪೆಟ್ರೋಲ್ ಪಂಪು ಕೂಡ ವಿದ್ಯುತ್ತಿನಿಂದಲೇ ನಡೆಯುವ ಗಾಡಿಯಲ್ಲಿ ಬ್ಯಾಟರಿಯ ಒಂದು ಟರ್ಮಿನಲ್ ಸಡಿಲವಾದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಹಳೆಯ ಗಾಡಿಯಲ್ಲಿ ತಳ್ಳಿ ಸ್ಟಾರ್ಟ್ ಮಾಡುವ ದಾರಿಯಾದರೂ ಇತ್ತು. ಸೀಟನ್ನು ಬಿಚ್ಚಿ ಆ ಟರ್ಮಿನಲ್ಲನ್ನು ಬಿಗಿಯುವ ಒಂದು ಗಟ್ಟಿಯಾದ ಸಾಧನ ಹಿಂದೆಂದಿಗಿಂತ ಇಂದು ಹೆಚ್ಚು ಅಗತ್ಯ. ಪಕ್ಕದ ಮುಚ್ಚಳವನ್ನು ಸ್ಕ್ರೂ ಹಾಕಿ ಮುಚ್ಚಿ, ಸ್ಕ್ರೂಡ್ರೈವರನ್ನು ಆ ಮುಚ್ಚಳದ ಒಳಗೇ ಇಡುವ ಗಾಡಿಗಳೂ ಇವೆ. ಅದಕ್ಕೆ ಜಾಗದ ಕೊರತೆ ಕಾರಣವಾಗಲಾರದು.

ಒಳ್ಳೆಯ ಕಿಟ್ ಕೊಡುವುದು ಅಸಾಧ್ಯವೇನಲ್ಲ. 1970ರ ದಶಕದ ಬಿಎಂಡಬ್ಲ್ಯು ಬಾಕ್ಸರ್ ಎಂಜಿನ್ ಗಾಡಿಗಳ ಜೊತೆ ಟೈರ್ ಬಿಚ್ಚುವ ಲಿವರು, ಸಣ್ಣ ಸಂದುಗಳನ್ನು ಅಳೆಯುವ ಫೀಲರ್ ಗೇಜು, ಗಾಳಿ ಹೊಡೆಯುವ ಕೈ ಪಂಪು ಸಹಿತ ಬರುತ್ತಿದ್ದವು. ಇಂದಿನ ಟ್ಯೂಬ್‌ಲೆಸ್ ಟೈರಿನ ಪಂಕ್ಚರನ್ನು ಚಕ್ರ ಬಿಚ್ಚದೆ, ಹೊರಗಿನಿಂದಲೇ ರಬ್ಬರ್ ಪಟ್ಟಿ ತುರುಕಿ ಮುಚ್ಚಬಹುದು. ಅದರ ಸಾಮಾನು ಒಂದು ಅಂಗೈಯಗಲದಲ್ಲಿ ಮುಗಿಯುತ್ತದೆ. ಹೀಗಿದ್ದರೂ ಅದನ್ನಾಗಲಿ, ಗಾಳಿಯ ಒತ್ತಡ ಅಳೆಯುವ ಸಣ್ಣ ಗೇಜನ್ನಾಗಲಿ ಕಿಟ್ಟಿನಲ್ಲಿಟ್ಟು ಕೊಡುವವರು ಅಪರೂಪ.

ಕೈಪಿಡಿಯಲ್ಲಿ ಮಾಲೀಕರಿಗೆ ವಹಿಸಿದ ಪ್ರತಿಯೊಂದು ಕೆಲಸಕ್ಕೂ ಬೇಕಾದ ಸಾಧನ ಕಿಟ್ಟಿನಲ್ಲಿರಬೇಕು. ಇಲ್ಲದಿದ್ದರೆ ಯಾವುದು ಬೇಕು, ಯಾವ ಅಳತೆಯದು ಎಂದು ಅದೇ ಪುಟದಲ್ಲಿ ಅಚ್ಚು ಹಾಕಬೇಕು. ಕಂಪನಿಗಳಿಂದ ನಾವು ಕೇಳಬೇಕಾದದ್ದು ಇಷ್ಟೇ. ಅಲ್ಲಿಯವರೆಗೆ, ಗಾಡಿ ಮನೆಗೆ ಬಂದ ಮೊದಲ ವಾರದಲ್ಲೇ ಚೀಲವನ್ನು ಬಿಚ್ಚಿ, ಒಂದೊಂದು ಸಾಧನವನ್ನೂ ಅದು ಹಿಡಿಯಬೇಕಾದ ನಟ್ಟಿಗೆ ಹಾಕಿ ನೋಡಿ. ಆಕ್ಸಲ್ಲಿನ ಅಳತೆಗೆ ಒಂದು ರಿಂಗ್ ಸ್ಪ್ಯಾನರು, ನಿಮ್ಮ ಗಾಡಿಯ ಸ್ಕ್ರೂವಿಗೆ ಹೊಂದುವ ಒಳ್ಳೆಯ ಸ್ಕ್ರೂಡ್ರೈವರು, ಬೇಕಾದ ಅಲೆನ್ ಕೀಗಳು, ಪಂಕ್ಚರ್ ಪಟ್ಟಿ, ಸಣ್ಣ ಪಂಪು, ಬಿಡಿ ಫ್ಯೂಸುಗಳು ಇವನ್ನು ಸೇರಿಸಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿದ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಡಿ. ಸೀಟಿನ ಕೆಳಗೆ ಹಿಡಿಸದಿದ್ದರೆ ದೂರ ಪ್ರಯಾಣದ ಚೀಲದಲ್ಲಿ ಇಟ್ಟುಕೊಳ್ಳಿ.

ನಮಸ್ಕಾರ.