ಓಡದೆ ನಿಂತ ಎಲ್ಕ್

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿಗೆ ಹೋದವರಿಗೆ ಗೊತ್ತು. ಜೀಪಿನ ಬಾಗಿಲು ತೆಗೆದ ಸದ್ದಿಗೇ ಕೃಷ್ಣಮೃಗಗಳ ಹಿಂಡು ತಲೆಯೆತ್ತುತ್ತದೆ. ಒಂದು ಚಂಗನೆ ನೆಗೆದರೆ ಸಾಕು, ಮಿಕ್ಕವೂ ನೆಗೆದು ಆಂಧ್ರದ ಗಡಿ ಕಡೆಗೆ ಮಾಯ. 798 ಎಕರೆಯ ಆ ಬಯಲನ್ನು 2007ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ವರ್ಷಕ್ಕೆ ಎರಡು ಸಲವಾದರೂ ಅಲ್ಲಿಗೆ ಹೋಗುವವನು ನಾನು. ಎಷ್ಟು ದೂರದಲ್ಲಿ ನಿಲ್ಲಬೇಕು ಅಂತ ಒಂದು ದಿನವೂ ಯೋಚಿಸಿದವನಲ್ಲ. ಆ ಲೆಕ್ಕವನ್ನೆಲ್ಲ ಜಿಂಕೆಗಳೇ ನೋಡಿಕೊಳ್ಳುತ್ತಿದ್ದವು.

ಅದೇ ಅಭ್ಯಾಸ ಕಟ್ಟಿಕೊಂಡು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದೆ. ಮಗಳು ಅಳಿಯ ಕರೆದುಕೊಂಡು ಹೋಗಿದ್ದರು, ಸೆಪ್ಟೆಂಬರ್‌ನಲ್ಲಿ. ಮ್ಯಾಮತ್ ಹಾಟ್ ಸ್ಪ್ರಿಂಗ್ಸ್ ಅನ್ನುವ ಕಡೆ, ಕಟ್ಟಡಗಳ ನಡುವಿನ ಹುಲ್ಲಿನ ಮೇಲೆ ಎಲ್ಕ್‌ಗಳು ನಮ್ಮ ಬಸ್‌ಸ್ಟ್ಯಾಂಡಿನ ದನಗಳ ಹಾಗೆ ಮಲಗಿ ಮೆಲುಕು ಹಾಕುತ್ತಿದ್ದವು. ಎಲ್ಕ್ ಅಂದರೆ ನಮ್ಮ ಕಡವೆಯ ನೆಂಟ. ಗಂಡು 300 ಕಿಲೋ ದಾಟುತ್ತದೆ. ಕೃಷ್ಣಮೃಗದ ಕೊಂಬು ಬದುಕಿರುವವರೆಗೂ ಇರುತ್ತದೆ, ಎಲ್ಕ್‌ನ ಕವಲುಕೊಂಬು ವರ್ಷವರ್ಷವೂ ಉದುರಿ ಹೊಸದು ಮೂಡುತ್ತದೆ.

ಒಂದು ಗಂಡು ಎದ್ದು ಮೇಯುತ್ತಿತ್ತು. ಫೋನ್ ಹಿಡಿದು ಹತ್ತಿರ ನಡೆದೆ. ಓಡಲಿಲ್ಲ. ಇನ್ನೂ ಹತ್ತಿರ ಹೋದೆ. ಆಗಲೂ ಓಡಲಿಲ್ಲ. ಪಾಪ, ಸಾಧು ಪ್ರಾಣಿ ಅಂದುಕೊಂಡೆ. ಅದು ಮೇಯುವುದನ್ನು ನಿಲ್ಲಿಸಿತು, ಕಿವಿಗಳು ಹಿಂದಕ್ಕೆ ಒರಗಿದವು. "ಅಪ್ಪಾ, ಬಾ ಹಿಂದೆ!" ಅಂತ ಮಗಳು ಅಂಗಿ ಹಿಡಿದು ಎಳೆದ ರಭಸಕ್ಕೆ ಎರಡು ಗುಂಡಿ ಕಿತ್ತುಬಂದವು.

ಸೆಪ್ಟೆಂಬರ್, ಅಕ್ಟೋಬರ್ ಅವಕ್ಕೆ ಬೆದೆಯ ಕಾಲ. ಹೆಣ್ಣುಗಳ ಹಿಂಡನ್ನು ಕಾಯುವ ಗಂಡು ಮನುಷ್ಯನನ್ನಿರಲಿ, ಕಾರನ್ನೂ ಗುಮ್ಮುತ್ತದೆ. ಅದರ ಕೂಗು ಕೇಳಬೇಕು ನೀವು! ಅಷ್ಟು ದೊಡ್ಡ ಮೈಯಿಂದ ಎಣ್ಣೆ ಕಾಣದ ಬಾವಿಯ ರಾಟೆಯಂಥ ಕೀರಲು ದನಿ. ಮೇ ಕೊನೆ, ಜೂನ್‌ನಲ್ಲಿ ಮರಿ ಹಾಕುವ ಕಾಲ, ಆಗ ಹೆಣ್ಣಿನ ಸರದಿ. ಹೆಣ್ಣಿಗೆ ಕೊಂಬಿಲ್ಲ, ಆದರೆ ಮುಂಗಾಲು ಎತ್ತಿ ಹೊಡೆಯುತ್ತದೆ. ಮರಿಯನ್ನು ಎಲ್ಲೋ ಪೊದೆಯಲ್ಲೋ ಕಟ್ಟಡದ ಮರೆಯಲ್ಲೋ ಮಲಗಿಸಿರುತ್ತದೆ, ನಮಗೆ ಕಾಣುವುದೇ ಇಲ್ಲ.

ಎಲ್ಕ್‌ನಿಂದ 25 ಗಜ ದೂರ ಇರಬೇಕು ಅನ್ನುವುದು ಅಲ್ಲಿನ ಕಾನೂನು. ಕ್ರಿಕೆಟ್ ಪಿಚ್ 22 ಗಜ ತಾನೆ, ಅದರ ಮೇಲೆ ಮೂರು ಗಜ ಸೇರಿಸಿ. ಕರಡಿ, ತೋಳಗಳಿಗೆ 100 ಗಜ. ಅಳತೆಪಟ್ಟಿ ಹಿಡಿದುಕೊಂಡು ಯಾರು ಹೋಗುತ್ತಾರೆ? ಅದಕ್ಕೆ ಅಳಿಯ ಒಂದು ಉಪಾಯ ಹೇಳಿಕೊಟ್ಟ. ತೋಳು ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಹಿಡಿಯಬೇಕು. ಪ್ರಾಣಿ ಪೂರ್ತಿ ಬೆರಳಿನ ಮರೆಗೆ ಹೋದರೆ ಸರಿ, ಕೊಂಬೋ ಬಾಲವೋ ಹೊರಗೆ ಇಣುಕಿದರೆ ಹಿಂದೆ ಸರಿಯಬೇಕು. ಆಮೇಲೆ ನಾನು ನೋಡಿದ್ದೆಲ್ಲ ಕಾರಿನ ಕಿಟಕಿಯಿಂದಲೇ. ಎಲ್ಕ್ ಮೈಮೇಲೆ ಏರಿ ಬಂದರೆ ಕಾರಿನೊಳಗೆ ಸೇರಿಕೊಳ್ಳಬೇಕು, ಇಲ್ಲವಾದರೆ ದಪ್ಪ ಮರದ ಹಿಂದೆ.

ಮಕ್ಕಳ ಮನೆಗೆಂದು ಆ ಕಡೆ ಹೊರಟಿರುವ ತಂದೆತಾಯಿಗಳು ತುಮಕೂರಿನಲ್ಲಿ ಈಗ ಬೀದಿಗಿಬ್ಬರು ಸಿಗುತ್ತಾರೆ. ಹಪ್ಪಳ ಸಂಡಿಗೆ ಕಟ್ಟುವಾಗ ಈ ಹೆಬ್ಬೆರಳಿನ ಮಾತೂ ನೆನಪಿರಲಿ.

ಊರಿಗೆ ಬಂದ ಮೇಲೆ ಮೈದನಹಳ್ಳಿಗೆ ಹೋದೆ. ಜೀಪಿನಿಂದ ಇಳಿಯಲಿಲ್ಲ, ಬಾಗಿಲನ್ನೂ ತೆಗೆಯಲಿಲ್ಲ. ತೋಳು ಚಾಚಿ ಹೆಬ್ಬೆರಳು ಹಿಡಿದೆ. ಕರಿ ಬೆನ್ನಿನ ಒಂದು ಗಂಡು ಉಗುರಿನ ಹಿಂದೆ ಮರೆಯಾಯಿತು. ಬೆರಳು ಇಳಿಸಿದಾಗಲೂ ಅಲ್ಲೇ ಇತ್ತು, ಮೇಯುತ್ತಾ.